ಇನ್ನೂ ಕೆಲವು ಬದುಕಿವೆ

ಚೊಕ್ಕಸಂದ್ರ
14 ಜೂನ್ 2009

ವನಜಕ್ಕನಿಗೆ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು, ನಿನ್ನ ನಂಬರು ವೇಣಿಯ ಹತ್ತಿರ ಇದೆ. ಆದರೆ ನಿನ್ನ ದನಿ ಕೇಳಿದೊಡನೆ ಅಮ್ಮನ ಕಾಲಿನ ವಿಷಯ ಬಾಯಿಗೆ ಬರುತ್ತದೆ. ನಾನು ಬರುವವರೆಗೂ ಕಾಯದೆ ನೀನೇ ಸಹಿ ಹಾಕಿ ಕಾಲು ತೆಗೆಯುವ ಆಪರೇಷನ್ನಿಗೆ ಕಳಿಸಿದ್ದು, ಅಮ್ಮ ಅಲ್ಲಿಂದ ಎದ್ದು ಬರದೇ ಇದ್ದದ್ದು. ಆ ಮಾತು ಶುರುವಾದರೆ ಈ ಮಾತು ಮುಗಿಯುವುದಿಲ್ಲ. ಆದ್ದರಿಂದ ನೀನೂ ಫೋನು ಮಾಡಬೇಡ, ಬರೆ.

ನಮ್ಮ ಲಾವಣ್ಯಳಿಗೆ ಸಕ್ಕರೆ ಕಾಯಿಲೆಯಂತೆ. ಹತ್ತು ವರ್ಷದ ಮಗುವಿಗೆ.

ಮೇ ತಿಂಗಳಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರುಮಾಡಿದಳು. ಇಷ್ಟು ದೊಡ್ಡವಳಾಗಿ ನಾಚಿಕೆಯಿಲ್ಲವೇ ಎಂದು ಹೆತ್ತ ತಾಯಿ ವೇಣಿಯೇ ಗದರಿದಳು. ನಾನು ಒಂದು ಏಟು ಹಾಕಿದೆ. ಸ್ಕೂಲು ಶುರುವಾದಾಗ ನೋಡಿದರೆ ಹೋದ ವರ್ಷದ ಯೂನಿಫಾರಂ ಸೊಂಟದಲ್ಲಿ ನಿಲ್ಲುತ್ತಿಲ್ಲ. ವೇಣಿ ಪಿನ್ನು ಹಾಕಿ ಕಳಿಸಿದಳು. ಆರನೇ ತಾರೀಕು ಪ್ರಾರ್ಥನೆಯ ಹೊತ್ತಿನಲ್ಲಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರು, ಸಕ್ಕರೆ ನಾನೂರ ಎಂಬತ್ತು. ಐದು ದಿನ ಇಟ್ಟುಕೊಂಡು ಕಳಿಸಿದ್ದಾರೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕಂತೆ, ಒಟ್ಟು ಇಪ್ಪತ್ತು ಯೂನಿಟ್.

ಅಮ್ಮ ಹದಿನೈದು ವರ್ಷ ಮಾತ್ರೆ ನುಂಗಿಕೊಂಡೇ ಓಡಾಡಿದಳು. ಇವಳಿಗೆ ಮಾತ್ರೆ ಯಾಕಿಲ್ಲ? ಮೊದಲ ದಿನವೇ ಸೂಜಿ ಯಾಕೆ? ಡಾಕ್ಟರು ಇಂಗ್ಲಿಷಿನಲ್ಲಿ ಏನೇನೋ ಹೇಳಿದರು, ನಾನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿ ಬಂದೆ. ನೀನು ವೈಟ್‌ಫೀಲ್ಡಿನ ಲ್ಯಾಬಿನಲ್ಲಿ ದಿನಬೆಳಗಾದರೆ ಇದೇ ರಕ್ತ ನೋಡುವವಳು. ನಿನಗೆ ಗೊತ್ತಿರುತ್ತದೆ. ಅದಕ್ಕೇ ಬರೆದೆ, ಬೇರೇನೂ ಇಲ್ಲ.

ನಂದೀಶ


ವರ್ತೂರು
19 ಜೂನ್ 2009

ನಂದೀಶ,

ನಿನ್ನ ಅಕ್ಷರ ನೋಡಿ ಕವರು ಒಡೆಯಲು ಹೆದರಿಕೆಯಾಯಿತು. ಒಡೆದ ಮೇಲೆ ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತುಬಿಟ್ಟೆ. ನಾನು ಅವಳನ್ನು ಕೊನೆಯ ಸಲ ನೋಡಿದಾಗ ನಾಲ್ಕು ವರ್ಷದವಳು.

ಕೇಳಿದ್ದಕ್ಕೆ ಹೇಳುತ್ತೇನೆ. ಹೊಟ್ಟೆಯ ಹಿಂದೆ ಮೇದೋಜೀರಕ ಎಂಬ ಗ್ರಂಥಿ ಇದೆ. ಅದರೊಳಗೆ ಅಲ್ಲಲ್ಲಿ ಗುಂಪುಗುಂಪಾಗಿರುವ ಸಣ್ಣ ಜೀವಕೋಶಗಳು ಇನ್ಸುಲಿನ್ ಮಾಡುತ್ತವೆ. ಅದಿಲ್ಲದಿದ್ದರೆ ಉಂಡ ಅನ್ನ ರಕ್ತದಲ್ಲೇ ಸಕ್ಕರೆಯಾಗಿ ನಿಲ್ಲುತ್ತದೆ, ಮೈಗೆ ಸೇರುವುದಿಲ್ಲ. ಅಮ್ಮನಿಗೆ ಇನ್ಸುಲಿನ್ ಇತ್ತು, ಅವಳ ಮೈ ಅದಕ್ಕೆ ಬಗ್ಗುತ್ತಿರಲಿಲ್ಲ. ಆ ಕೋಶಗಳು ಎರಡರಷ್ಟು ದುಡಿದು ದಣಿದವು. ಮಾತ್ರೆ ಕೊಟ್ಟು ದಣಿದವನ್ನೇ ಎಬ್ಬಿಸಿ ದುಡಿಸಿದರು. ರಕ್ತದಲ್ಲಿ ನಿಂತ ಸಕ್ಕರೆಯೇ ಅವನ್ನು ಮತ್ತಷ್ಟು ಹಾಳುಮಾಡುತ್ತದೆ. ಕಡೆಕಡೆಗೆ ಎಬ್ಬಿಸಲು ಏನೂ ಉಳಿಯಲಿಲ್ಲ, ಮಾತ್ರೆ ಎಷ್ಟು ಹೆಚ್ಚಿಸಿದರೂ ಅಮ್ಮನಿಗೆ ಹತ್ತಲಿಲ್ಲ.

ಲಾವಣ್ಯಳದು ಬೇರೆಯೇ ಜಾತಿಯ ಕಾಯಿಲೆ. ಜ್ವರ ಕೆಮ್ಮು ಬಂದಾಗ ನಮ್ಮನ್ನು ಕಾಯುವ ರಕ್ತಕಣಗಳಿವೆಯಲ್ಲ, ಅವೇ ದಾರಿ ತಪ್ಪಿ ಈ ಕೋಶಗಳನ್ನು ಶತ್ರುವೆಂದು ಕೊಲ್ಲುತ್ತಿವೆ. ಇದು ಇವತ್ತು ನಿನ್ನೆಯದಲ್ಲ, ತಿಂಗಳುಗಟ್ಟಲೆ ನಡೆದಿರುತ್ತದೆ. ಯಾಕೆ ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ನೀವು ಕೊಡಿಸಿದ ಸಿಹಿಯಿಂದ ಬಂದದ್ದಲ್ಲ. ನಿನ್ನ ಏಟಿನಿಂದ ಬಂದದ್ದಂತೂ ಅಲ್ಲ. ಇನ್ಸುಲಿನ್ ಹೊರಗಿನಿಂದ ಕೊಡಬೇಕು, ನುಂಗಿದರೆ ಅದು ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಸೂಜಿ.

ಒಂದು ಗ್ಲುಕೋಮೀಟರು ಕೊರಿಯರ್ ಮಾಡಿದ್ದೇನೆ. ಬಳಸುವ ಕ್ರಮ ಒಂದು ಹಾಳೆಯಲ್ಲಿ ಬರೆದು ಡಬ್ಬಿಯೊಳಗೆ ಇಟ್ಟಿದ್ದೇನೆ. ವೇಣಿಗೆ ಧೈರ್ಯ ಹೇಳು.

ವನಜ


ಚೊಕ್ಕಸಂದ್ರ
5 ಜುಲೈ 2009

ಅಕ್ಕ,

ಮೀಟರು ಬಂತು.

ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ. ಇನ್ಸುಲಿನ್ ಶೀಷೆ ಮನೆ ಓನರು ಗೌರಮ್ಮನವರ ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ, ಅವರ ಮೊಸರಿನ ಪಾತ್ರೆಯ ಪಕ್ಕ. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಒಂದು ಸಲ ಅವರ ಬಾಗಿಲು ತಟ್ಟಬೇಕು. ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಲಾವಣ್ಯ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ನಿನ್ನೆ ಬಾಗಿಲಾಚೆಯಿಂದ ಕೇಳಿದಳು, "ಅಪ್ಪಾ, ಇವತ್ತೊಂದ್ ದಿನ ಬಿಟ್ಬಿಡಪ್ಪ. ನಾಳೆ ಎರಡ್ ಸಲ ಜಾಸ್ತಿ ಚುಚ್ಚಿಸ್ಕೋತೀನಿ." ವೇಣಿ ಕೈ ಹಿಡಿಯುತ್ತಾಳೆ, ನಾನು ಚುಚ್ಚುತ್ತೇನೆ. ಫ್ಯಾಕ್ಟರಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗದ ಹಾಗೆ ಲೋಹ ಕೊರೆಯುವ ಕೈ ಇದು. ಅವಳ ತೊಡೆಯ ಹತ್ತಿರ ಹೋದರೆ ಎರಡೆರಡು ಸಲ ಹಿಂದೆ ಸರಿಯುತ್ತದೆ.

ಡಾಕ್ಟರು ಈ ಸಲ ಕನ್ನಡದಲ್ಲೇ ಹೇಳಿದರು. "ಜೀವನಪೂರ್ತಿ ಕಣ್ರೀ." ಇಷ್ಟು ಸಲೀಸಾಗಿ ಹೇಳಿದರು.

ಒಂದೇ ಒಂದು ಕೇಳುತ್ತೇನೆ. ನೀನು ಬರೆದ ಆ ಕೋಶಗಳು ಎಲ್ಲವೂ ಸತ್ತಿವೆಯೇ? ಒಂದಾದರೂ ಉಳಿದಿಲ್ಲವೇ?

ನಂದೀಶ


ವರ್ತೂರು
12 ಜುಲೈ 2009

ನಂದಿ,

ನಿನ್ನ ಪತ್ರ ಚೀಲದಲ್ಲಿ ಇಟ್ಟುಕೊಂಡೇ ಮೂರು ದಿನ ಕೆಲಸಕ್ಕೆ ಹೋಗಿಬಂದೆ. ನಮ್ಮ ಲ್ಯಾಬಿನಲ್ಲಿ ರಿಪೋರ್ಟು ಕೊಡುವಾಗ ಏನೂ ಹೇಳಬಾರದೆಂದು ಕಲಿಸಿದ್ದಾರೆ. ಜನ ಕೌಂಟರಿಗೆ ಒರಗಿಕೊಂಡು ಕೇಳುತ್ತಾರೆ, "ಮೇಡಂ, ಜಾಸ್ತಿ ಇದ್ಯಾ?" "ಡಾಕ್ಟ್ರಿಗೆ ತೋರಿಸಿ" ಎಂದು ಕವರು ಮುಂದೆ ತಳ್ಳುತ್ತೇನೆ. ಹನ್ನೊಂದು ವರ್ಷದಿಂದ ಅದೇ ಅಭ್ಯಾಸ. ನಿನಗೆ ಹಾಗೆ ಹೇಳಲು ಆಗುವುದಿಲ್ಲ.

ಎಲ್ಲವೂ ಸತ್ತಿಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಬಹುಪಾಲು ಹೋಗಿರುತ್ತವೆ, ಆದರೆ ಲಾವಣ್ಯಳ ಒಳಗೆ ಇನ್ನೂ ಕೆಲವು ಬದುಕಿವೆ. ಹೊರಗಿನಿಂದ ಇನ್ಸುಲಿನ್ ಕೊಟ್ಟಾಗ ಅವಕ್ಕೆ ವಿಶ್ರಾಂತಿ ಸಿಗುತ್ತದೆ, ಸ್ವಲ್ಪ ಚೇತರಿಸಿಕೊಳ್ಳುತ್ತವೆ. ಮುಂದೆ ಕೆಲವು ತಿಂಗಳು ಸೂಜಿಯ ಅಳತೆ ಕಡಿಮೆಯಾಗಲೂಬಹುದು. ಉಳಿದವನ್ನು ಕಾಪಾಡಲು ಔಷಧ ಸಿಗುತ್ತದೆಯೇ ಎಂದು ಹೊರದೇಶಗಳಲ್ಲಿ ಪ್ರಯೋಗ ನಡೆಸಿದ್ದಾರೆ. ಮನಸ್ಸು ಗಟ್ಟಿ ಮಾಡಿಕೋ.

ಬಚ್ಚಲಿನ ಬಾಗಿಲಿಗೆ ಬೈಯಬೇಡ. ಮೊದಲು ನಿನ್ನ ತೊಡೆಗೆ ಬರಿಯ ಸೂಜಿ ಚುಚ್ಚಿಕೊಂಡು ತೋರಿಸು, ನೋಡಿ ಬಂದಾಳು.

ಅಕ್ಕ


ಚೊಕ್ಕಸಂದ್ರ
23 ಆಗಸ್ಟ್ 2009

ವನಜ ಅತ್ತೆಗೆ ಲಾವಣ್ಯ ಮಾಡುವ ನಮಸ್ಕಾರಗಳು.

ನಾನು ಐದನೇ ಕ್ಲಾಸು. ನಿಮ್ಮ ಮುಖ ನನಗೆ ನೆನಪಿಲ್ಲ, ಆದರೆ ಅಜ್ಜಿಯ ಹಾಗೆ ಇದ್ದೀರಿ ಎಂದು ಅಮ್ಮ ಹೇಳಿದರು. ನನ್ನ ಹೊಟ್ಟೆಯಲ್ಲಿ ಇನ್ನೂ ಕೆಲವು ಬದುಕಿವೆ ಎಂದು ನೀವು ಬರೆದಿದ್ದನ್ನು ಅಪ್ಪ ಓದಿ ಹೇಳಿದರು. ಕೆಲವು ಅಂದರೆ ಎಷ್ಟು? ನೂರು ಇರುತ್ತವಾ? ಅವು ಯಾವ ಬಣ್ಣ? ನಾನು ಹಳದಿ ಬಣ್ಣ ಹಾಕಿ ಚಿತ್ರ ಬರೆದಿದ್ದೇನೆ, ಸರಿಯಾ ನೋಡಿ.

ಈಗ ನಾನು ಅಳುವುದಿಲ್ಲ. ಅಪ್ಪ ಮೊದಲು ತಮಗೆ ಚುಚ್ಚಿಕೊಂಡು ಅಯ್ಯಯ್ಯೋ ಎಂದು ಕೂಗುತ್ತಾರೆ, ನನಗೆ ನಗು ಬರುತ್ತದೆ. ಗೀತಾ ಮಿಸ್ ನನ್ನ ಬರ್ತ್‌ಡೇಗೆ ಚಾಕಲೇಟು ಬೇಡ, ಎಲ್ಲರಿಗೂ ಪೆನ್ಸಿಲ್ ಕೊಡು ಅಂದಿದ್ದಾರೆ. ನನ್ನ ಬರ್ತ್‌ಡೇ ನವೆಂಬರ್ 21. ಬನ್ನಿ.

ಇಂತಿ,
ಎನ್. ಲಾವಣ್ಯ, 5ನೇ ತರಗತಿ, ಬಿ ಸೆಕ್ಷನ್


ಚೊಕ್ಕಸಂದ್ರ
20 ಸೆಪ್ಟೆಂಬರ್ 2009

ಪ್ರೀತಿಯ ಅಕ್ಕನಿಗೆ,

ಈ ಕಾಗದ ಶಿಫ್ಟು ಮುಗಿಸಿ ಕ್ಯಾಂಟೀನಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಮನೆಗೆ ಹೋಗುವವರೆಗೂ ತಡೆಯಲಾಗಲಿಲ್ಲ.

ಇಪ್ಪತ್ತು ಯೂನಿಟ್ ಇದ್ದದ್ದು ಹದಿನಾಲ್ಕಾಯಿತು, ಹತ್ತಾಯಿತು, ನಿನ್ನೆ ಡಾಕ್ಟರು ಆರು ಮಾಡಿದರು! ಬೆಳಿಗ್ಗೆ ಮೂರು, ಸಂಜೆ ಮೂರು. ಸಕ್ಕರೆ ನೂರ ಹತ್ತು. ಮೈ ತುಂಬಿಕೊಂಡಿದ್ದಾಳೆ. ಯೂನಿಫಾರಮ್ಮಿನ ಪಿನ್ನು ತೆಗೆದೆವು. ನೀನು ಬರೆದ ಹಾಗೇ ಆಯಿತಲ್ಲ ಅಕ್ಕ, ಉಳಿದವು ಚೇತರಿಸಿಕೊಂಡವು. ಡಾಕ್ಟರು ಮಾತ್ರ ಮುಖ ಗಂಟುಹಾಕಿಕೊಂಡೇ ಇದ್ದರು. "ಹಿಗ್ಬೇಡಿ, ಇದು ನಿಲ್ಲಲ್ಲ" ಎಂದರು. ಅವರಿಗೇನು, ಜೀವನಪೂರ್ತಿ ಎಂದು ಹೇಳಿ ರೂಢಿ.

ಗ್ರೈಂಡಿಂಗ್ ಸೆಕ್ಷನ್ನಿನ ದ್ಯಾಮಣ್ಣ ಒಬ್ಬರ ವಿಷಯ ಹೇಳಿದ. ನೆಲಮಂಗಲದ ಆಚೆ ಇದ್ದಾರಂತೆ, ಬೇರಿನ ಪುಡಿ ಕೊಡುತ್ತಾರಂತೆ. "ಏನ್ ಗುರು, ಮಗೀಗೆ ದಿನಾ ಸೂಜಿ ಚುಚ್ಕೊಂಡು ಅಂಗೇ ಇರ್ತೀಯಾ? ನಮ್ ಬಾಮೈದುಂದು ಮುನ್ನೂರು ಇತ್ತು, ಈಗ ಮಾತ್ರೆನೇ ಇಲ್ಲ" ಎಂದ. ನೋಡೋಣ, ಇನ್ನೂ ಹೋಗಿಲ್ಲ.

ನೀನು ಹೇಳು. ಹೀಗೇ ಹೋದರೆ ಸೊನ್ನೆಯಾಗಬಹುದೇ? ಆ ಕೋಶಗಳು ಮತ್ತೆ ಹುಟ್ಟುತ್ತಿವೆಯೇ?

ದೀಪಾವಳಿಗೆ ನೀನೂ ಮುರಳಿ ಭಾವನೂ ಬನ್ನಿ. ವೇಣಿ ಹೇಳಿ ಬರೆಸಿದ್ದಲ್ಲ, ನಾನೇ ಕರೆಯುತ್ತಿದ್ದೇನೆ.

ನಿನ್ನ ತಮ್ಮ,
ನಂದಿ


ವರ್ತೂರು
28 ಸೆಪ್ಟೆಂಬರ್ 2009

ನಂದಿ,

ಖಂಡಿತ ಬರುತ್ತೇವೆ. ಮುರಳಿಗೆ ಆ ದಿನ ಕ್ಯಾಬ್ ಡ್ಯೂಟಿ ಇದ್ದರೂ ಬದಲಾಯಿಸಿಕೊಳ್ಳುತ್ತಾರೆ. ಆರು ಯೂನಿಟ್ ಎಂದು ಓದಿ ಕಣ್ಣು ತುಂಬಿ ಬಂತು. ಲಾವಣ್ಯಳ ಹಳದಿ ಚಿತ್ರ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ.

ನೀನು ಕೇಳಿದ್ದಕ್ಕೆ ಹೌದು ಅಲ್ಲ ಎಂದು ಈಗಲೇ ಹೇಳುವುದು ಕಷ್ಟ. ಒಬ್ಬೊಬ್ಬರ ಮೈ ಒಂದೊಂದು ಥರ. ಇಳಿದಿರುವುದು ಒಳ್ಳೆಯ ಲಕ್ಷಣವೇ. ಎಷ್ಟು ದಿನ ಇರುತ್ತದೋ ಇರಲಿ. ಡಾಕ್ಟರನ್ನು ಕೇಳದೆ ಮಾತ್ರ ಏನೂ ಬದಲಾಯಿಸಬೇಡ. ಪುಡಿ ಗಿಡಿ ಯೋಚನೆ ಮಾಡಿ ನೋಡು. ಉಳಿದದ್ದು ಎದುರಿಗೆ ಸಿಕ್ಕಾಗ ಮಾತನಾಡೋಣ.

ಲಾವಣ್ಯಳಿಗೆ ಏನು ತರಲಿ? ಫ್ರಾಕಿನ ಅಳತೆ ಬರೆದು ಕಳಿಸಲು ವೇಣಿಗೆ ಹೇಳು.

ನಿನ್ನ ಅಕ್ಕ


ಚೊಕ್ಕಸಂದ್ರ
25 ಅಕ್ಟೋಬರ್ 2009

ಅಕ್ಕ,

ನೀವು ಬಂದುಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಲಾವಣ್ಯ ನೀನು ತಂದ ಫ್ರಾಕು ಬಿಚ್ಚಲೇ ಒಪ್ಪಲಿಲ್ಲ, ಮೂರು ದಿನ ಅದರಲ್ಲೇ ಮಲಗಿದಳು. ನೀನು ಹೊರಡುವಾಗ ಅಮ್ಮನ ವಿಷಯ ಎತ್ತುತ್ತೀಯೇನೋ ಎಂದುಕೊಂಡೆ. ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಳ್ಳೆಯದೇ ಆಯಿತು.

ಲಾವಣ್ಯ ಚೆನ್ನಾಗಿದ್ದಾಳೆ. ಇನ್ನೂ ಚೆನ್ನಾಗುತ್ತಾಳೆ. ಬರ್ತ್‌ಡೇ ಹೊತ್ತಿಗೆ ನಿನಗೊಂದು ಸಂತೋಷದ ಸುದ್ದಿ ಬರೆಯುತ್ತೇನೆ, ಈಗ ಕೇಳಬೇಡ.

ನಂದಿ


ವರ್ತೂರು
9 ನವೆಂಬರ್ 2009

ನಂದಿ,

ಸಂತೋಷದ ಸುದ್ದಿ ಎಂದರೆ ಏನು? ಈಗ ಎಷ್ಟು ಯೂನಿಟ್ ಕೊಡುತ್ತಿದ್ದೀಯ? ಸಕ್ಕರೆ ಎಷ್ಟಿದೆ? ಎರಡೂ ಅಂಕಿ ಬರೆ. ಉಳಿದದ್ದೇನೂ ಬೇಡ.

ಅಕ್ಕ


ವರ್ತೂರು
19 ನವೆಂಬರ್ 2009

ನಂದಿ,

ನಿನ್ನಿಂದ ಉತ್ತರವಿಲ್ಲ. ನೀನು ಫೋನು ಬೇಡ ಎಂದಿದ್ದರೂ ನಿನ್ನೆ ವೇಣಿಗೆ ಮಾಡಿದೆ. "ಚೆನ್ನಾಗವ್ಳೆ ಅಕ್ಕ, ಆಟ ಆಡ್ತಾವ್ಳೆ" ಎಂದಳು. ಸೂಜಿಯ ವಿಷಯ ಕೇಳುವಷ್ಟರಲ್ಲಿ ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟಳು.

ನಾನೇ ಬರಬೇಕೆಂದಿದ್ದೆ. ಈ ವಾರ ಒಬ್ಬಳು ರಜೆ, ಲ್ಯಾಬಿನಲ್ಲಿ ಇಬ್ಬರ ಕೆಲಸ ನನ್ನ ಮೇಲಿದೆ. ಬರ್ತ್‌ಡೇಗೂ ಆಗುವುದಿಲ್ಲ. ಕೊನೆಯ ಭಾನುವಾರ, 29ಕ್ಕೆ ಬರುತ್ತೇನೆ. ಅಷ್ಟರೊಳಗೆ ಬರೆ. ಲಾವಣ್ಯಳಿಗೆ ಬಣ್ಣದ ಪೆನ್ಸಿಲ್ ಡಬ್ಬಿ ಬೇರೆ ಕಳಿಸಿದ್ದೇನೆ.

ಅಕ್ಕ


ಆನೇಕಲ್
20 ಡಿಸೆಂಬರ್ 2009

ವನಜಕ್ಕನವರಿಗೆ,

ನಾನು ತವರಿಗೆ ಬಂದಿದ್ದೇನೆ. ಹನ್ನೊಂದನೆಯ ದಿನ ಮುಗಿದ ಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ. ಮಣ್ಣಿನ ದಿನ ನೀವು ನನ್ನ ಕೈ ಹಿಡಿದು "ಹೇಗಾಯಿತು, ಹೇಳೇ" ಎಂದು ಕೇಳುತ್ತಲೇ ಇದ್ದಿರಿ. ಆವತ್ತು ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ.

ದೀಪಾವಳಿಗೆ ಮೊದಲೇ ಅವರು ಪುಡಿ ತಂದಿದ್ದರು. ಅಡುಗೆಮನೆಯ ಗೂಡಿನಲ್ಲಿ ಹಸಿರು ಡಬ್ಬಿ ಇತ್ತು. ನೀವು ಅದನ್ನು ನೋಡಿದಿರಿ. ನೀವು ನೋಡುತ್ತಿದ್ದುದನ್ನು ನಾನು ನೋಡಿದೆ. ಕೇಳುತ್ತೀರಿ, ಕೇಳಿದರೆ ಎಲ್ಲ ಹೇಳಿಬಿಡೋಣ ಎಂದು ಕಾದೆ. ನೀವು ಸಾರಿಗೆ ಉಪ್ಪು ಸಾಕೇ ಎಂದು ಕೇಳಿದಿರಿ.

ಪುಡಿ ಕೊಡುವವರ ಹತ್ತಿರ ಇವರು ನಿಮ್ಮ ಕಾಗದ ತೆಗೆದುಕೊಂಡು ಹೋಗಿದ್ದರು. ಜುಲೈನಲ್ಲಿ ಬರೆದದ್ದು. ಆ ಮನುಷ್ಯ ಓದಿಸಿ ಕೇಳಿ, "ನಿಮ್ಮಕ್ಕ ಓದ್ದೋರು, ಸರಿಯಾಗೇ ಬರ್ದವ್ರೆ. ಬದುಕಿರೋದನ್ನ ನಾನು ಬೆಳೆಸ್ತೀನಿ. ಆದ್ರೆ ಸೂಜಿ ಇರೋವರ್ಗೂ ಅವು ಸೋಮಾರಿಯಾಗೇ ಇರ್ತವೆ, ಅದನ್ನ ನಿಲ್ಸಿ" ಅಂದನಂತೆ. ನವೆಂಬರ್ ಎರಡನೇ ತಾರೀಕು ನಿಲ್ಲಿಸಿದರು. ಮೊದಲ ವಾರ ಮೀಟರು ನೂರ ಐವತ್ತು ತೋರಿಸಿತು. ಆಮೇಲೆ ಇನ್ನೂರ ಎಂಬತ್ತು. ನಲವತ್ತು ದಿನ ಹಳೆಯ ಸಕ್ಕರೆ ಹೊರಗೆ ಬರುತ್ತದೆ, ಮೀಟರು ನೋಡಲೇಬೇಡಿ ಅಂದನಂತೆ. ನೋಡುವುದನ್ನೂ ಬಿಟ್ಟರು.

ಎಲ್ಲ ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಬೆಳಗಾಗೆದ್ದು ಮಗುವಿನ ಕೈ ಹಿಡಿದು ಚುಚ್ಚಿಸುವುದು ತಪ್ಪಿತಲ್ಲ ಎಂದು ನನಗೂ ಹಾಯಾಗಿತ್ತು. ನೀವು ಫೋನು ಮಾಡಿದಾಗ ಒಲೆಯ ಮೇಲೆ ಹಾಲಿರಲಿಲ್ಲ.

ಬರ್ತ್‌ಡೇ ದಿನ ಕ್ಲಾಸಿನವರಿಗೆಲ್ಲ ಪೆನ್ಸಿಲ್ ಕೊಟ್ಟು ಬಂದಳು. ಎರಡು ದಿನಕ್ಕೆ ಹೊಟ್ಟೆನೋವು, ವಾಂತಿ. ಹೊರಗೆ ಏನೋ ತಿಂದಿದ್ದಾಳೆ ಎಂದುಕೊಂಡೆವು. ರಸ್ತೆಯ ಮೂಲೆಯ ಡಾಕ್ಟರು "ಬೇರೆ ಕಾಯಿಲೆ ಏನಾದ್ರೂ ಇದ್ಯಾ?" ಎಂದು ಕೇಳಿದರು. ಇವರು "ಶುಗರ್ ಇತ್ತು ಸಾರ್, ವಾಸಿಯಾಗಿದೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

26ರ ಮಧ್ಯಾಹ್ನ ಉಸಿರು ಬದಲಾಯಿತು. ಓಡಿ ಬಂದವರ ಹಾಗೆ ಎಳೆದೆಳೆದು ಬಿಡುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಆಗ ಅವರಿಗೆ ಗೊತ್ತಾಯಿತು. ಗೌರಮ್ಮನವರ ಮನೆಗೆ ಓಡಿದರು. ಬೇಡ ಎಂದು ಬಿಟ್ಟಿದ್ದ ಶೀಷೆಯನ್ನು ಆ ಮಹಾತಾಯಿ ಎಸೆದಿರಲಿಲ್ಲ. ಅದನ್ನು ತಂದು ಚುಚ್ಚಿದರು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ರಕ್ತವೆಲ್ಲ ಆಮ್ಲವಾಗಿದೆ, ಮೆದುಳು ಊದಿದೆ ಎಂದರು. ಮಾರನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋದಳು.

ನಿಮ್ಮ ಪೆನ್ಸಿಲ್ ಡಬ್ಬಿ ಡಿಸೆಂಬರ್ ಒಂದಕ್ಕೆ ಬಂತು.

ಇವರು ನಿಮ್ಮ ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದಾರೆ. ಮಾತಾಡಿಸಲು ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ. "ನೋಡಿ, ನಮ್ಮಕ್ಕ ಬರ್ದವ್ಳೆ, ಇನ್ನೂ ಕೆಲವು ಬದುಕಿವೆ ಅಂತ." ಬಂದವರು ಕಾಗದ ಮಡಿಚಿ ಕೊಟ್ಟು ಎದ್ದುಹೋಗುತ್ತಾರೆ. ನಿಮಗೆ ಇದು ಗೊತ್ತಿರಲಿ ಎಂದು ಬರೆದೆ.

ವೇಣಿ


ಚೊಕ್ಕಸಂದ್ರ
16 ಮೇ 2010

ಅಕ್ಕ,

ಜನವರಿಯಿಂದ ನೀನು ಹಾಕಿದ ನಾಲ್ಕು ಕವರುಗಳೂ ಇಲ್ಲಿವೆ. ಒಡೆದಿಲ್ಲ. ಅವುಗಳಲ್ಲಿ ಕ್ಷಮಿಸು ಎಂದಿರುತ್ತದೆ ಎಂದು ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಸಿಟ್ಟು ನಿನ್ನ ತನಕ ಬಂದು ಅಲ್ಲಿ ನಿಲ್ಲುವುದಿಲ್ಲ, ತಿರುಗಿ ನನ್ನ ಹತ್ತಿರವೇ ಬರುತ್ತದೆ. ಅಮ್ಮನ ಕಾಲಿನ ವಿಷಯ ಇನ್ನು ನಾನು ಎತ್ತುವುದಿಲ್ಲ. ಎತ್ತುವ ಯೋಗ್ಯತೆ ನನಗೆ ಉಳಿದಿಲ್ಲ.

ಕೆಲಸಕ್ಕೆ ಹೋಗುತ್ತಿದ್ದೇನೆ. ದ್ಯಾಮಣ್ಣ ಎದುರಿಗೆ ಬಂದರೆ ತಲೆ ತಗ್ಗಿಸಿಕೊಂಡು ಬೇರೆ ಕಡೆ ಹೋಗುತ್ತಾನೆ. ಅವನು ಕೆಟ್ಟವನಲ್ಲ. ನೆಲಮಂಗಲದ ಆಚೆಗೆ ಒಂದು ದಿನ ಹೋದೆ, ಜಗಳಕ್ಕೆಂದೇ ಹೋದೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಒಬ್ಬಳ ಮಡಿಲಲ್ಲಿ ಲಾವಣ್ಯಳಿಗಿಂತ ಚಿಕ್ಕ ಮಗು ಇತ್ತು. "ಸೂಜಿ ನಿಲ್ಲಿಸ್ಬೇಡ ತಾಯಿ, ನನ್ ಮಗಳು ಹೋದ್ಲು" ಎಂದೆ. "ನಿಮ್ ಮಗಳ ಹಣೆಬರಹಕ್ಕೆ ಇವ್ರೇನ್ ಮಾಡ್ತಾರಣ್ಣ?" ಎಂದಳು. ಒಳಗಿನಿಂದ ಇಬ್ಬರು ಬಂದು ನನ್ನನ್ನು ಬಸ್ಸಿನವರೆಗೆ ನೂಕಿಕೊಂಡು ಬಂದರು. ಆ ಮಗುವಿನ ಹೆಸರೂ ನನಗೆ ಗೊತ್ತಿಲ್ಲ.

ಈಗ ಕೇಳುತ್ತೇನೆ, ಈ ಸಲ ಸುತ್ತಿಬಳಸಬೇಡ. ನಿಲ್ಲಿಸದೆ ಇದ್ದಿದ್ದರೆ ಬದುಕುತ್ತಿದ್ದಳೇ? ಆ ಕೋಶಗಳು ಯಾವತ್ತಾದರೂ ಮತ್ತೆ ಹುಟ್ಟುತ್ತಿದ್ದವೇ?

ಇನ್ನೊಂದು ಇದೆ. ಅದನ್ನು ವೇಣಿಗೂ ಹೇಳಿಲ್ಲ. ಕೊನೆಯ ಎರಡು ದಿನ ಅವಳು ನೀರು ನೀರು ಎನ್ನುತ್ತಿದ್ದಳು. ಕುಡಿದರೆ ವಾಂತಿ. ವಾಂತಿಯಾಗುವಾಗ ಕೊಡಬಾರದು, ಇನ್ನೂ ಜಾಸ್ತಿಯಾಗುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ವೇಣಿಯೂ ಬೇಡ ಎಂದಳು. ಅವಳು ಆಚೆ ಹೋದಾಗಲೆಲ್ಲ ನಾನು ಕೊಟ್ಟೆ. ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪ. "ಅಮ್ಮನ್ಗೆ ಹೇಳ್ಬೇಡ, ಇನ್ನೊಂದ್ ಸಲ" ಎಂದು ಕೇಳಿಕೊಂಡು ಕುಡಿದಳು. ಎಷ್ಟು ಸಲವೋ ಲೆಕ್ಕವಿಲ್ಲ. ಅದರಿಂದಲೇ ಹೆಚ್ಚಾಯಿತೋ ಏನೋ. ಆರು ತಿಂಗಳಿಂದ ಬೇರೆ ಎಲ್ಲಕ್ಕಿಂತ ಇದೇ ತಲೆಯಲ್ಲಿ ತಿರುಗುತ್ತಿದೆ. ಕೊಡಬಾರದಿತ್ತೇ?

ನಂದೀಶ


ವರ್ತೂರು
21 ಮೇ 2010

ನಂದೀಶ,

ಆ ನಾಲ್ಕು ಕವರುಗಳನ್ನು ಒಡೆಯಬೇಡ. ಅವುಗಳಲ್ಲಿ ನಾನು ನನಗಾಗಿ ಅತ್ತಿದ್ದೇನೆ. ನಿನಗೆ ಬೇಕಾದದ್ದು ಯಾವುದೂ ಇಲ್ಲ.

ನಿಲ್ಲಿಸದೆ ಇದ್ದಿದ್ದರೆ ಬದುಕುತ್ತಿದ್ದಳು. ದಿನವೂ ಚುಚ್ಚಿಸಿಕೊಂಡು ಕಾಲೇಜು ಓದಿ, ಮದುವೆಯಾಗಿ, ಮಕ್ಕಳನ್ನು ಹೆತ್ತವರು ನಮ್ಮ ಲ್ಯಾಬಿಗೆ ಬರುತ್ತಾರೆ. ಅವರ ತೋಳು ಹಿಡಿದು ರಕ್ತ ತೆಗೆದುಕೊಳ್ಳುತ್ತೇನೆ. ಇದನ್ನು ಬರೆಯುವಾಗ ನಿನಗೆ ಏನಾಗುತ್ತದೆ ಎಂದು ಗೊತ್ತು. ನೀನು ಕೇಳಿದ್ದೀಯ.

ಆ ಕೋಶಗಳು ಮತ್ತೆ ಹುಟ್ಟುತ್ತಿರಲಿಲ್ಲ. ಬದುಕಿದ್ದ ಕೆಲವೂ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷದಲ್ಲಿ ಸಾಯುತ್ತಿದ್ದವು. ಅವನ್ನು ಉಳಿಸುವ ಮಾತ್ರೆ, ಪುಡಿ, ಬೇರು ಈ ಹೊತ್ತಿಗೂ ಎಲ್ಲೂ ಇಲ್ಲ. ಆರು ಯೂನಿಟ್ಟಿಗೆ ಇಳಿದದ್ದು ವಾಸಿಯಾದದ್ದಲ್ಲ. ಈ ಕಾಯಿಲೆ ಬಂದ ಎಷ್ಟೋ ಮಕ್ಕಳಲ್ಲಿ ಮೊದಲ ತಿಂಗಳುಗಳಲ್ಲಿ ಹೀಗೆ ಇಳಿದು, ಆಮೇಲೆ ಮತ್ತೆ ಏರುತ್ತದೆ. ನಿನ್ನ ಡಾಕ್ಟರು ಹೇಳಿದ್ದು ಅದನ್ನೇ. ಇದೆಲ್ಲ ಸೆಪ್ಟೆಂಬರಿನಲ್ಲಿ ನನಗೆ ಗೊತ್ತಿತ್ತು. ನೀನು ಪ್ರೀತಿಯ ಅಕ್ಕನಿಗೆ ಎಂದು ಬರೆದಿದ್ದೆ, ಹಬ್ಬಕ್ಕೆ ಕರೆದಿದ್ದೆ. ಇಲ್ಲ ಎಂದು ಬರೆದರೆ ಮತ್ತೆ ಆರು ವರ್ಷ ನಿನ್ನ ಮುಖ ಕಾಣುವುದಿಲ್ಲವೆಂದು ಹೆದರಿ, ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಬರೆದೆ. ಹಸಿರು ಡಬ್ಬಿಯನ್ನೂ ನೋಡಿದೆ. ಹಬ್ಬದ ದಿನ ಯಾಕೆ ಎಂದು ಸುಮ್ಮನಾದೆ. ನವೆಂಬರಿನಲ್ಲಿ ಬಸ್ಸು ಹತ್ತಬೇಕಾದವಳು ಕಾಗದ ಹಾಕಿದೆ. ನೀನು ಸೂಜಿ ನಿಲ್ಲಿಸಿದೆ. ನಿನ್ನನ್ನು ತಡೆಯಬಹುದಾಗಿದ್ದ ಮಾತನ್ನು ನಾನು ಹೇಳಲಿಲ್ಲ. ಇದರಲ್ಲಿ ನಿನ್ನದೆಷ್ಟು ನನ್ನದೆಷ್ಟು ಎಂದು ಪಾಲು ಮಾಡಲು ನನಗೆ ಬರುವುದಿಲ್ಲ.

ಆ ಮಡಿಲಿನ ಮಗುವಿಗಾಗಿ, ಪುಡಿ ಕೊಡುವವನ ಮೇಲೆ ಆರೋಗ್ಯ ಇಲಾಖೆಗೆ ಅರ್ಜಿ ಬರೆದಿದ್ದೇನೆ, ಲಾವಣ್ಯಳ ಹೆಸರು ಹಾಕಿ, ನನ್ನ ಸಹಿ ಹಾಕಿ. ಏನಾದರೂ ಆದೀತು ಎಂಬ ನಂಬಿಕೆಯಿಲ್ಲ.

ಇನ್ನು ನೀನು ಕೊನೆಗೆ ಕೇಳಿದ್ದು. ಮೇಲೆ ಬರೆದದ್ದರಲ್ಲಿ ನಿನ್ನನ್ನು ಸಮಾಧಾನ ಮಾಡಲು ಒಂದು ಅಕ್ಷರವನ್ನೂ ಮೆತ್ತಗೆ ಮಾಡಿಲ್ಲ, ನೋಡಿದೆಯಲ್ಲ. ಇದನ್ನೂ ಹಾಗೇ ಓದು. ಇನ್ಸುಲಿನ್ ಇಲ್ಲದಾಗ ಮೈ ತನ್ನ ನೀರನ್ನೆಲ್ಲ ಮೂತ್ರದಲ್ಲಿ ಕಳೆದುಕೊಂಡು ಒಣಗುತ್ತದೆ. ಅವಳ ಮೈಯೊಳಗೆ ಬೆಂಕಿಯಂಥ ಬಾಯಾರಿಕೆ ಇತ್ತು. ಆಸ್ಪತ್ರೆಗೆ ಸೇರಿಸಿದಾಗ ಅವರು ಮೊದಲು ಏರಿಸಿದ್ದೂ ನೀರೇ, ಉಪ್ಪುನೀರು. ನೀನು ಕೊಟ್ಟದ್ದರಿಂದ ಅವಳಿಗೆ ಏನೂ ಹೆಚ್ಚಾಗಲಿಲ್ಲ. ಅದರಿಂದ ಅವಳು ಉಳಿಯಲಿಲ್ಲ, ಆದರೆ ಕುಡಿದ ಅಷ್ಟು ಹೊತ್ತು ಅವಳ ಬಾಯಿ ತಣ್ಣಗಾಯಿತು.

ನೀರು ಕೊಟ್ಟದ್ದು ಸರಿ. ಪ್ರತಿ ಸಲ ಕೊಟ್ಟದ್ದೂ ಸರಿ.

ವನಜ